ಪಾಚಿಯ ನೆವ

ಮಾರ್ಚ್ 1
ದ್ವೀಪದ ನೀರಿನ ಘಟಕ

ಮನೆಯವಳಿಗೆ,

ಬಂದು ತಲುಪಿದೆ. ಹಡಗಿನಲ್ಲಿ ವಾಂತಿಯಾದದ್ದು ಒಂದೇ ಸಲ, ಅದೂ ದಡ ಕಂಡ ಮೇಲೆ.

ಇಲ್ಲಿ ನಾವು ಆರು ಜನ. ಸಮುದ್ರದ ನೀರನ್ನು ಒಳಗೆಳೆದು, ಉಪ್ಪು ತೆಗೆದು, ದ್ವೀಪದವರಿಗೆ ಕುಡಿಯಲು ಬಿಡುವುದು ನನ್ನ ಕೆಲಸ. ಮನೆಯಲ್ಲಿ ಏಳು ವರ್ಷ ಒಳ್ಳೆಯ ನೀರಿಗೆ ಉಪ್ಪು ಬೆರೆಸಿ ಗಾಜಿನ ತೊಟ್ಟಿಯಲ್ಲಿ ಸಮುದ್ರ ಮಾಡಿದವನು ಈಗ ಸಮುದ್ರದ ಉಪ್ಪು ತೆಗೆಯುತ್ತಾ ಕುಳಿತಿದ್ದೇನೆ. ಮಾಡಿದ್ದುಣ್ಣೋ ಮಹರಾಯ ಎನ್ನುವುದು ಇದಕ್ಕೇ ಇರಬೇಕು.

ಫೋನ್ ಇಲ್ಲಿ ಹಿಡಿಯುವುದಿಲ್ಲ. ರೇಡಿಯೋ ಇದೆ, ಆದರೆ ಕೆಲಸದ ಮಾತಿಗೆ ಮಾತ್ರ. ಸಾಮಾನಿನ ಹಡಗು ತಿಂಗಳ ಒಂದನೇ ತಾರೀಕು ಮತ್ತು ಹದಿನಾರಕ್ಕೆ ಬರುತ್ತದೆ, ನಾಲ್ಕು ತಾಸು ನಿಂತು ಹೋಗುತ್ತದೆ. ಟಪಾಲು ಅದರಲ್ಲೇ.

ತೊಟ್ಟಿಯ ವಿಷಯ. ಮೀನೆರಡಕ್ಕೆ ದಿನಕ್ಕೆ ಒಂದೇ ಚಿಟಿಕೆ. ಆವಿಯಾದಷ್ಟು ನೀರನ್ನು ಫಿಲ್ಟರಿನಿಂದ ಹಿಡಿದು ತುಂಬು, ನಲ್ಲಿಯಿಂದ ಬೇಡ. ದೀಪ ಟೈಮರಿನಲ್ಲಿದೆ: ಬೆಳಗ್ಗೆ ಹತ್ತಕ್ಕೆ ಹೊತ್ತಿ ಸಂಜೆ ಆರಕ್ಕೆ ಆರುತ್ತದೆ. ಅದನ್ನು ಮುಟ್ಟುವುದೇ ಬೇಡ. ಸುತ್ತಿಗೆ ಹವಳದ ಮೇಲೆ ಒಂದು ಕಣ್ಣಿರಲಿ. ನಮ್ಮ ಮದುವೆಯಾದ ವರ್ಷ ಒಂದೇ ತಲೆಯ, ಹೆಬ್ಬೆರಳಷ್ಟು ತುಂಡಾಗಿ ಬಂದದ್ದು ಅದು. ಈಗ ಸೀಳಿ ಸೀಳಿ ಆರು ತಲೆಯಾಗಿದೆ.

ಹೊರಡುವ ಮೊದಲು ನಾವು ಸರಿಯಾಗಿ ಮಾತಾಡಲಿಲ್ಲ. ಅದರ ಬಗ್ಗೆ ಬರೆಯಲು ಹೋಗಿ ಮೂರು ಹಾಳೆ ಹರಿದೆ. ಇದು ನಾಲ್ಕನೆಯದು, ಇದರಲ್ಲಿ ಬರೆಯುವುದಿಲ್ಲ. ಒಪ್ಪಂದ ಡಿಸೆಂಬರ್ ಕೊನೆಯವರೆಗೆ.

ನೀರಿನವನು


ಮಾರ್ಚ್ 12
ಮನೆ

ನಿಮಗೆ,

ಪತ್ರ ಬಂತು. ಅರ್ಧ ತೊಟ್ಟಿಗೆ, ಉಳಿದರ್ಧ ಉಪ್ಪಿಗೆ ಮತ್ತು ವಾಂತಿಗೆ. ನಾನು ಊಟ ಮಾಡುತ್ತೇನೋ ಇಲ್ಲವೋ ಎಂದು ನೀವು ಕೇಳಿಲ್ಲ. ಮಾಡುತ್ತೇನೆ.

"ನಾವು ಮಾತಾಡಲಿಲ್ಲ" ಎಂದಿದ್ದೀರಿ. ಲೆಕ್ಕ ತಪ್ಪು. ನಾನು ಮಾತಾಡಿದೆ, ನೀವು ಆಡಲಿಲ್ಲ. "ಆ ಗಾಜಿನ ಮುಂದೆ ಕೂತ್ಕೊಳ್ಳೋ ಹೊತ್ತಲ್ಲಿ ಅರ್ಧ ನನ್ನ ಮುಂದೆ ಕೂತಿದ್ರೆ ಸಾಕಿತ್ತು ಕಣ್ರೀ" ಅಂದೆ. ನೀವು ಎದ್ದು ಹೋಗಿ ಮೀನಿಗೆ ಊಟ ಹಾಕಿದಿರಿ. ಎರಡು ವಾರಕ್ಕೆ ದ್ವೀಪದ ಕೆಲಸಕ್ಕೆ ಹೆಸರು ಕೊಟ್ಟು ಬಂದಿರಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ನಮ್ಮದು ಉಂಡು, ಮಲಗಿ, ಎದ್ದು, ಹಡಗು ಹತ್ತುವ ತನಕ ಬಂತು.

ಇರಲಿ. ನಿಮ್ಮ ಸುತ್ತಿಗೆ ಹವಳದ ಬುಡದಲ್ಲಿ ಹಸಿರು ಕೂದಲಿನಂಥ ಪಾಚಿ ಬೆಳೆದಿದೆ. ಅರ್ಧ ಬೆರಳುದ್ದ, ನೀರು ಆಡಿದ ಹಾಗೆ ಆಡುತ್ತದೆ. ಏನು ಮಾಡಬೇಕು ಅಂತ ತಿಳಿಸಿ, ಅಷ್ಟು ಸಾಕು.


ಮಾರ್ಚ್ 16
ದ್ವೀಪ

ಮನೆಯವಳಿಗೆ,

ಊಟ ಮಾಡುತ್ತೀಯಾ? ಕೇಳಿದ್ದೇನೆ ನೋಡು.

ಹಡಗು ಸಾಮಾನು ಇಳಿಸುತ್ತಿದೆ, ಅಷ್ಟರಲ್ಲಿ ಬರೆಯುತ್ತಿದ್ದೇನೆ. ಪಾಚಿಗೆ ಹೆದರಬೇಡ. ತೊಟ್ಟಿಯ ನೀರನ್ನೇ ಒಂದು ಅಗಲದ ಪಾತ್ರೆಗೆ ತೆಗೆದುಕೊಂಡು ಹವಳವನ್ನು ಕಲ್ಲಿನ ಸಮೇತ ಅದರಲ್ಲಿಡು. ಮೊದಲು ಚಿಮಟದಿಂದ ಕಿತ್ತು ತೆಗೆ, ಆಮೇಲೆ ಮೆತ್ತನೆಯ ಬ್ರಷ್ಷಿನಿಂದ ಬುಡದ ಕಲ್ಲನ್ನು ಉಜ್ಜು. ತಲೆಯ ಮಾಂಸಕ್ಕೆ ಮಾತ್ರ ತಾಗಿಸಬೇಡ, ಗಾಯವಾದರೆ ಮಾಯುವುದು ನಿಧಾನ. ತೊಟ್ಟಿಯೊಳಗೇ ಉಜ್ಜಬೇಡ, ಉದುರಿದ ಒಂದೊಂದು ಎಳೆಯೂ ಇನ್ನೊಂದು ಕಡೆ ಬೇರೂರುತ್ತದೆ.

ಊರಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಡುವ ಕೈ ನಿನ್ನದು. ನನಗಿಂತ ಚೆನ್ನಾಗಿ ಮಾಡುತ್ತೀಯ.

ಎಲ್ಲವನ್ನೂ ಒಂದೇ ಸಲ ಬರೆದರೆ ಗೊಂದಲವಾಗುತ್ತದೆ. ಇದನ್ನು ಮಾಡಿ ಏನಾಯಿತೆಂದು ಬರೆ. ಮುಂದಿನದನ್ನು ಆಮೇಲೆ ಹೇಳುತ್ತೇನೆ.

ನೀರಿನವನು


ಮಾರ್ಚ್ 29

ನೀರಿನವರಿಗೆ,

ಸೆಟ್ಟಿಗೆ ಹೊಳಪು ಕೊಡುವ ಸಣ್ಣ ಬ್ರಷ್ಷನ್ನು ಕ್ಲಿನಿಕ್ಕಿನಿಂದ ಚೀಲಕ್ಕೆ ಹಾಕಿಕೊಳ್ಳುವಾಗ ಡಾಕ್ಟರ ಕೈಗೆ ಸಿಕ್ಕಿಬಿದ್ದೆ.

"ಎಲ್ಲಿಗಮ್ಮ ಅದು?" ಅಂದರು.

"ಮನೇಲಿ ಒಬ್ರಿಗೆ ಹಲ್ಲು ಹಸಿರಾಗಿದೆ ಸಾರ್."

"ಯಾರಿಗೆ?"

"ಹವಳಕ್ಕೆ."

ಅವರು ನನ್ನ ಮುಖವನ್ನೇ ನೋಡಿ, "ಗಂಡ ಇಲ್ದಿದ್ರೆ ಹೀಗೇ ಆಗೋದು" ಎಂದು ರೋಗಿಯ ಕಡೆ ತಿರುಗಿದರು.

ಭಾನುವಾರ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಮಾಡಿದೆ. ಮೇಣ ಕೊರೆಯುವ ನನ್ನ ಚೂರಿ ಸಂದಿಗಳಿಗೆ ಬಹಳ ಅನುಕೂಲ, ನಿಮ್ಮ ಚಿಮಟಕ್ಕಿಂತ. ಮುಟ್ಟಿದ ಕೂಡಲೇ ಆರೂ ತಲೆ ಮುದುಡಿಕೊಂಡವು. ಕೊಂದೇಬಿಟ್ಟೆ ಎಂದುಕೊಂಡೆ. ತೊಟ್ಟಿಗೆ ವಾಪಸು ಇಟ್ಟ ಮೇಲೆ ಮೊದಲು ಒಂದು ತಲೆ ಹೊರಗೆ ಬಂತು, ಯಾರಾದರೂ ಇದ್ದಾರೋ ಎಂದು ನೋಡುವ ಹಾಗೆ. ಆಮೇಲೆ ಒಂದೊಂದೇ. ತುದಿಯಲ್ಲಿ ಹಸಿರು, ನಡುವೆ ಮಸುಕು ಕಂದು. ನಾನು ಹತ್ತು ನಿಮಿಷ ನೋಡಿರಬಹುದು, ಅಷ್ಟೇ.

ಆದರೆ ಪಾಚಿ ಮತ್ತೆ ಬರುತ್ತಿದೆ. ಗಡ್ಡ ಬೋಳಿಸಿದ ಮೂರನೇ ದಿನದ ಹಾಗಿದೆ. ಮುಂದಿನದು ಏನು?

ಹಲ್ಲಿನವಳು


ಏಪ್ರಿಲ್ 1

ಹಲ್ಲಿನವಳಿಗೆ,

ನಿನ್ನ ಪತ್ರವನ್ನು ಊಟದ ಕೋಣೆಯಲ್ಲಿ ಓದಿದೆ. ಅಡುಗೆಯವನು ಬಂದು, "ಏನ್ ಸಾರ್, ಒಬ್ರೇ ನಗ್ತಿದೀರಾ, ನಮಗೂ ಹೇಳಿ" ಅಂದ. ಹೇಳಿದೆ. ಈಗ ಇಲ್ಲಿ ಯಾರು ಹಲ್ಲುಜ್ಜಲು ಹೊರಟರೂ "ಹಸಿರಾಗಿದೆಯಾ?" ಎಂದು ಕೇಳುವುದೇ ಆಗಿದೆ.

ಮುಂದಿನದು ಬಸವನಹುಳು. ನಾನು ಸಾಮಾನು ಕೊಳ್ಳುತ್ತಿದ್ದ ಮೀನಿನಂಗಡಿಯ ಯಜಮಾನರ ಹತ್ತಿರ ಸಮುದ್ರದ ಬಸವನಹುಳು ಸಿಗುತ್ತದೆ. ಐದು ಸಾಕು. ತಂದ ಕೂಡಲೇ ಒಳಗೆ ಬಿಡಬೇಡ. ಚೀಲವನ್ನು ನೀರಿನ ಮೇಲೆ ತೇಲಿಬಿಟ್ಟು, ತೊಟ್ಟಿಯ ನೀರನ್ನು ಅದಕ್ಕೆ ಲೋಟ ಲೋಟವಾಗಿ ಸೇರಿಸು. ಹೊಸ ನೀರಿಗೆ ಒಗ್ಗಲು ಅವಕ್ಕೂ ಹೊತ್ತು ಬೇಕು.

ಹವಳ ಅರಳಿದ್ದನ್ನು ನೀನು ಬರೆದ ನಾಲ್ಕು ಸಾಲನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ. ಅಂಥದು ಇನ್ನೂ ಇದ್ದರೆ ಬರೆ.

ನಿನ್ನ ನೀರಿನವನು


ಏಪ್ರಿಲ್ 13

ನೀರಿನವರಿಗೆ,

ಐದು ಹುಳು ತಂದೆ. ನಾಲ್ಕು ಮರ್ಯಾದಸ್ಥರು, ಕೆಲಸವಾಯಿತು ತಾವಾಯಿತು. ಐದನೆಯದು ಮಾತ್ರ ನಿಮ್ಮ ದೊಡ್ಡಪ್ಪನೇ ಸರಿ: ಎತ್ತರಕ್ಕೆ ಹತ್ತುವುದು, ಅಲ್ಲಿಂದ ಬೀಳುವುದು, ಅಂಗಾತ ಬಿದ್ದುಕೊಂಡು ಯಾರಾದರೂ ಎತ್ತಲಿ ಎಂದು ಕಾಯುವುದು. ತಾನಾಗಿ ಹೊರಳಲು ಅದಕ್ಕೆ ಆಗುವುದಿಲ್ಲವಂತೆ, ಹಾಗೇ ಬಿಟ್ಟರೆ ಸಾಯುತ್ತದಂತೆ. ಅದಕ್ಕೇ ಬೆಳಗ್ಗೆ ಕೆಲಸಕ್ಕೆ ಹೊರಡುವ ಮೊದಲು ದೊಡ್ಡಪ್ಪನನ್ನು ಎಬ್ಬಿಸಿಯೇ ಬಾಗಿಲು ಹಾಕುವುದು.

ಎಬ್ಬಿಸಲು ಮೊಣಕೈ ತನಕ ಕೈ ಮುಳುಗಿಸಬೇಕು. ನೀರು ಒಣಗಿದ ಮೇಲೆ ತೋಳಿಗೆ ನಿಮ್ಮ ವಾಸನೆ ಬರುತ್ತದೆ. ಮೊದಲ ದಿನ ಬಸ್ಸಿನಲ್ಲಿ ಅದು ಗೊತ್ತಾಗಿ ಸುತ್ತ ತಿರುಗಿ ನೋಡಿದೆ. ಈಗ ತೋಳು ತೊಳೆಯದೆ ಹೋಗುತ್ತೇನೆ.

ಪಾಚಿ ಕಡಿಮೆಯಾದ ಹಾಗೆ ಕಾಣುವುದಿಲ್ಲ. ಅವು ತಿಂದಷ್ಟೂ ಬೆಳೆಯುತ್ತಿದೆ.

ಹಲ್ಲಿನವಳು


ಏಪ್ರಿಲ್ 16

ಹಲ್ಲಿನವಳಿಗೆ,

ಇಡೀ ದಿನ ಸಮುದ್ರದ ನೀರಿನಲ್ಲೇ ಇರುವುದರಿಂದ ನನಗೆ ಉಪ್ಪಿನ ವಾಸನೆಯೇ ತಿಳಿಯದಾಗಿದೆ. ಹೋದ ವಾರ ಪಂಪಿನ ಕೋಣೆಯಲ್ಲಿ ಯಾರೋ ಮೇಣದ ಬತ್ತಿ ಹಚ್ಚಿದರು. ಬಿಸಿಮೇಣದ ವಾಸನೆಗೆ ನಾನು ಕೈಯಲ್ಲಿದ್ದ ಸ್ಪ್ಯಾನರ್ ಹಿಡಿದುಕೊಂಡು ಹಾಗೇ ನಿಂತೆ. ನೀನು ಕೆಲಸ ಮುಗಿಸಿ ಬಂದಾಗ ನಿನ್ನ ಬೆರಳಿಗಿರುವ ವಾಸನೆ ಅದು. ಮೇಸ್ತ್ರಿ, "ಏನಾಯ್ತ್ರೀ?" ಅಂದ. "ಏನಿಲ್ಲ, ಮನೆ ನೆನಪಾಯ್ತು" ಅಂದೆ. ಇಷ್ಟನ್ನು ನಾನು ಬಾಯಿಬಿಟ್ಟು ಹೇಳಿದ್ದು ನನಗೇ ಆಶ್ಚರ್ಯ.

ಪಾಚಿಗೆ ಮೂರನೆಯ ಮದ್ದು: ಮೀನಿನ ಆಹಾರ. ಮಂಜುಗಟ್ಟಿದ ಆಹಾರವನ್ನು ಹಾಗೆಯೇ ಹಾಕಬೇಡ. ಟೀ ಸೋಸುವ ಜಾಲರಿಯಲ್ಲಿ ಹಾಕಿ ಒಳ್ಳೆಯ ನೀರಿನಲ್ಲಿ ತೊಳೆ. ಆ ರಸವೇ ಪಾಚಿಗೆ ಗೊಬ್ಬರ.

ನಿನ್ನ ನೀರಿನವನು


ಏಪ್ರಿಲ್ 28

ರೀ,

ಜಾಲರಿಯಲ್ಲಿ ತೊಳೆದು ಹಾಕುತ್ತಿದ್ದೇನೆ. ಮರುದಿನ ಅದೇ ಜಾಲರಿಯಲ್ಲಿ ಟೀ ಸೋಸಿ ಕುಡಿದೆ. ಇದನ್ನು ಯಾರಿಗೂ ಹೇಳಬೇಡಿ, ಅಡುಗೆಯವನಿಗಂತೂ ಬೇಡವೇ ಬೇಡ.

ಡಿಸೆಂಬರ್‌ಗೆ ಎಷ್ಟು ಹಡಗು ಬಾಕಿ ಎಂದು ಎಣಿಸಿದೆ. ಹದಿನಾರು. ನಡುವೆ ಕಡಲು ಕೆಟ್ಟು ಹಡಗು ನಿಲ್ಲುತ್ತದಂತೆ, ಅದನ್ನು ಕಳೆದರೆ ಹನ್ನೆರಡೋ ಹದಿಮೂರೋ. ಕೈಬೆರಳೂ ಕಾಲ್ಬೆರಳೂ ಸೇರಿದರೆ ಮುಗಿಯಿತು.

ಪಾಚಿ ಹಾಗೇ ಇದೆ.

ನಿಮ್ಮವಳು


ಮೇ 1

ಹಲ್ಲಿನವಳಿಗೆ,

ಪಾಚಿ ಹೋಗದಿರುವುದು ವಿಚಿತ್ರ. ಇಷ್ಟರಲ್ಲಿ ಅರ್ಧವಾದರೂ ಇಳಿಯಬೇಕಿತ್ತು. ಯೋಚಿಸಿ ಮುಂದಿನ ಸಲ ಬರೆಯುತ್ತೇನೆ.

ಇನ್ನೊಂದು ವಿಷಯ. ಇಲ್ಲಿನ ಸಾಹೇಬರು ಕರೆದು, "ಇನ್ನೆರಡು ವರ್ಷ ಇರ್ತೀರೇನ್ರೀ? ನಿಮ್ಮಂಥ ಕೈ ಮತ್ತೆ ಸಿಗಲ್ಲ" ಎಂದರು. ಆಗಸ್ಟ್ ಒಳಗೆ ಬರೆದು ಕೊಡಬೇಕು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ನೀನೇನು ಹೇಳುತ್ತೀಯೋ ನೋಡೋಣ ಎಂದು ಸುಮ್ಮನಿದ್ದೇನೆ.

ನಿನ್ನ ನೀರಿನವನು


ಮೇ 12

ನಿಮಗೆ,

ಮೊದಲು ಹೆಸರು ಕೊಟ್ಟಾಗ ನನ್ನನ್ನು ಕೇಳಿರಲಿಲ್ಲ. ಈಗ ಯಾಕೆ ಕೇಳುತ್ತೀರಿ? ಬರುವ ಮನಸ್ಸಿದ್ದವರು ಅಲ್ಲೇ ಊಹೂಂ ಎಂದು ಬರುತ್ತಿದ್ದರು.

ನಿಮ್ಮ ಇಷ್ಟ.

ಪಾಚಿ ಎರಡು ತಲೆಯ ತನಕ ಹತ್ತಿದೆ.


ಮೇ 16

ಮನೆಯವಳಿಗೆ,

ಪತ್ರ ತಲುಪಿತು.

ಫಿಲ್ಟರಿನ ಒಳಗಿನ ಕಾರ್ಟ್ರಿಜ್ ಹಳತಾಗಿರಬಹುದು, ಬದಲಾಯಿಸಿಬಿಡು. ಸೋಸಿದ ನೀರಿಗೆ ಕಲ್ಮಶ ಅಳೆಯುವ ಮೀಟರ್ ಅದ್ದಿ ನೋಡಿದರೆ ಸೊನ್ನೆ ತೋರಿಸಬೇಕು. ಟೈಮರ್ ಸರಿಯಾಗಿದೆಯೇ ಎಂದೂ ನೋಡು, ದೀಪ ಎಂಟು ತಾಸಿಗಿಂತ ಹೆಚ್ಚು ಉರಿದರೆ ಯಾವ ಮದ್ದೂ ಹತ್ತುವುದಿಲ್ಲ.

ಇದು ಕೊನೆಯ ಹಡಗು. ಕಡಲು ಕೆಟ್ಟಿದೆ, ಇನ್ನು ಆಗಸ್ಟ್ ಒಂದಕ್ಕೆ. ಅಲ್ಲಿಯವರೆಗೆ ಪತ್ರವಿಲ್ಲ.


ಜೂನ್ 9

ನಿಮಗೆ,

ಹಡಗಿಲ್ಲವೆಂದು ಗೊತ್ತು. ಆದರೂ ಬರೆಯುತ್ತೇನೆ, ಹೊಟ್ಟೆಯಲ್ಲೇ ಇಟ್ಟುಕೊಂಡರೆ ನನಗೆ ಊಟ ಸೇರುವುದಿಲ್ಲ.

ಫಿಲ್ಟರಿನ ಕಾರ್ಟ್ರಿಜ್ ತರಲು ಮೀನಿನಂಗಡಿಗೆ ಹೋಗಿದ್ದೆ. ಮೂರು ತಿಂಗಳಿಂದ ಪಾಚಿಯ ಜೊತೆ ಗುದ್ದಾಡುತ್ತಿದ್ದೇನೆ ಎಂದೆ. ಯಜಮಾನರು ನಕ್ಕುಬಿಟ್ಟರು.

"ಕೂದಲು ಪಾಚಿಗೆ ಮೂರು ತಿಂಗಳಾ? ಕಿತ್ತು ಉಜ್ಜೋದು, ಹುಳು ಬಿಡೋದು, ಆಹಾರ ತೊಳೆಯೋದು, ಒಳ್ಳೇ ನೀರು, ಬೆಳಕಿಗೆ ಕಡಿವಾಣ. ಐದನ್ನೂ ಒಟ್ಟಿಗೆ ಮಾಡಿದ್ರೆ ಮೂರೇ ವಾರ ಕಣಮ್ಮ. ಇದನ್ನ ನನಗೆ ಕಲಿಸಿದ್ದೇ ನಿಮ್ಮ ಯಜಮಾನ್ರು! ಗೋಡೆ ಮೇಲೆ ಬರೆದು ಅಂಟಿಸಿದೀನಿ ನೋಡಿ."

ನೋಡಿದೆ. ನಿಮ್ಮದೇ ಅಕ್ಷರ. ಐದೂ ಸಾಲು ಒಂದೇ ಹಾಳೆಯಲ್ಲಿ.

ಹಾಗಾದರೆ ನನಗೆ ಮಾತ್ರ ಯಾಕೆ ಹದಿನೈದು ದಿನಕ್ಕೊಂದು? ಗೊಂದಲವಾಗುತ್ತದೆ ಎಂದಿರಲ್ಲ, ಐದು ಮಾತು ತಲೆಗೆ ಹೋಗದಷ್ಟು ದಡ್ಡಿಯೇ ನಾನು? ಇಪ್ಪತ್ತೆಂಟು ಹಲ್ಲನ್ನು ಒಂದರ ಪಕ್ಕ ಒಂದು ಕೂರಿಸುವವಳು ನಾನು. ಅಂಗಡಿಯಿಂದ ಮನೆಗೆ ನಡೆದೇ ಬಂದೆ. ಬಸ್ಸಿನಲ್ಲಿ ಕೂತರೆ ಅಳು ಬರುತ್ತಿತ್ತು.


ಜುಲೈ 14

ರೀ,

ಜೂನಿನ ಪತ್ರವನ್ನು ಹರಿಯಬೇಕೆಂದಿದ್ದೆ. ಹರಿಯಲಿಲ್ಲ. ನಿಮ್ಮನ್ನು ಬೈದದ್ದು ಇರಲಿ, ಈಗ ನನ್ನದನ್ನೂ ಕೇಳಿ.

"ಟೈಮರ್ ನೋಡು" ಎಂದು ನೀವು ಬರೆದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಟೈಮರ್ ಗೋಡೆಯಲ್ಲಿಲ್ಲ. ನೀವು ಹೋದ ಎರಡನೇ ದಿನವೇ ಕಿತ್ತು ಮೇಜಿನ ಖಾನೆಗೆ ಹಾಕಿದ್ದೆ.

ನಿಮ್ಮ ದೀಪ ಆರಕ್ಕೆ ಆರುತ್ತದೆ, ನಾನು ಬರುವುದು ಏಳಕ್ಕೆ. ಮೊದಲ ದಿನ ಬೀಗ ತೆಗೆದರೆ ಒಳಗೆ ಗವ್ವೆನ್ನುವ ಕತ್ತಲೆ. ಏಳು ವರ್ಷದಲ್ಲಿ ನಾನು ಆ ಬಾಗಿಲನ್ನು ಕತ್ತಲೆಗೆ ತೆಗೆದದ್ದೇ ಇಲ್ಲ, ಯಾವಾಗಲೂ ನೀವು ಮೊದಲು ಬಂದಿರುತ್ತಿದ್ದಿರಿ. ಹೊಸ್ತಿಲಲ್ಲೇ ನಿಂತುಬಿಟ್ಟೆ. ಮರುದಿನದಿಂದ ಬೆಳಗ್ಗೆ ಆರಕ್ಕೆ ಹಚ್ಚಿದರೆ ಮಲಗುವಾಗಲೇ ಆರಿಸುವುದು. ಒಟ್ಟು ಹದಿನಾರು ತಾಸು.

ಅದರಿಂದಲೇ ಪಾಚಿ ಎಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹುಳು ತರಲು ಹೋದಾಗಲೇ ಯಜಮಾನರು ಬೆಳಕಿನ ಮಾತೆತ್ತಿದ್ದರು. ಮನೆಗೆ ಬಂದು ಖಾನೆಯಿಂದ ಟೈಮರ್ ತೆಗೆದೆ, ಕೈಯಲ್ಲಿ ಹಿಡಿದುಕೊಂಡು ಕೂತೆ. ಪಾಚಿ ಹೋದರೆ ಇವರು ನನಗೆ ಏನೆಂದು ಬರೆಯುತ್ತಾರೆ? ಹವಳ ಕ್ಷೇಮ, ನಾನೂ ಕ್ಷೇಮ, ಮುಗಿಯಿತು. ಟೈಮರನ್ನು ಮತ್ತೆ ಖಾನೆಯೊಳಗೇ ಇಟ್ಟೆ. ಹಗಲು ಉಜ್ಜಿದೆ, ರಾತ್ರಿಯತನಕ ದೀಪ ಉರಿಸಿ ಬೆಳೆಸಿದೆ. ನಿಮ್ಮ ಪತ್ರ ಬರಲಿ ಎಂದು ನಿಮ್ಮ ಹವಳಕ್ಕೆ ಪಾಚಿ ಸಾಕಿದೆ ಕಣ್ರೀ.

ಎರಡು ತಲೆ ಸತ್ತುಹೋದವು. ಜೂನ್ ಕೊನೆಯಲ್ಲಿ ಪಾಚಿ ಸರಿಸಿ ನೋಡಿದರೆ ಮಾಂಸ ಕರಗಿ ಬಿಳೀ ಕಲ್ಲು ಮಾತ್ರ ಉಳಿದಿತ್ತು. ನಮ್ಮ ಮದುವೆಯ ವರ್ಷದ ಮೊದಲನೇ ತಲೆ ಅದರಲ್ಲಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿರುತ್ತದೆ. ಅವತ್ತೇ ಟೈಮರ್ ಗೋಡೆಗೆ ಹಾಕಿದೆ. ಐದೂ ಮದ್ದು ಒಟ್ಟಿಗೆ. ಆರನೆಯದು ನನ್ನದು: ಕ್ಲಿನಿಕ್ಕಿನಲ್ಲಿ ಬಾಯಿ ತೊಳೆಯಲು ಕೊಡುವ ಹೈಡ್ರೋಜನ್ ಪೆರಾಕ್ಸೈಡನ್ನು ಯಜಮಾನರನ್ನು ಕೇಳಿ, ಸತ್ತ ಕಲ್ಲಿನ ಮೇಲೆ ಮಾತ್ರ ಒಂದೊಂದು ಹನಿ ಮುಟ್ಟಿಸಿ, ಚೆನ್ನಾಗಿ ತೊಳೆದು ಇಟ್ಟೆ. ನಾಲ್ಕು ತಲೆ ಉಳಿದಿವೆ. ಪಾಚಿ ಇಳಿಯುತ್ತಿದೆ.

ಇನ್ನೊಂದು ಸುಳ್ಳು ಬಾಕಿ ಇದೆ. "ನಿಮ್ಮ ಇಷ್ಟ" ಎಂದು ಬರೆದೆನಲ್ಲ, ಅದು. ನನ್ನ ಇಷ್ಟ ಏನೆಂದು ಈಗ ಬರೆಯುತ್ತೇನೆ, ಸರಿಯಾಗಿ ಓದಿಕೊಳ್ಳಿ. ನೀವು ಬರಬೇಕು. ನನಗೆ ನೀವು ಬೇಕು. ಆಗಸ್ಟ್‌ವರೆಗೆ ಹಡಗಿಲ್ಲ, ಸಹಿಯ ಕಾಗದ ಇನ್ನೂ ನಿಮ್ಮ ಹತ್ತಿರವೇ ಇರುತ್ತದೆ ಎಂಬುದೊಂದೇ ಧೈರ್ಯ. ಸಹಿ ಹಾಕಬೇಡಿ. ಬನ್ನಿ.

ನಿಮ್ಮವಳು


ಜುಲೈ 20
ದ್ವೀಪ

ಹಲ್ಲಿನವಳಿಗೆ,

ಎರಡು ತಿಂಗಳಿಂದ ನಿನ್ನ ಅಕ್ಷರ ನೋಡಿಲ್ಲ. ಹಳೆಯ ಪತ್ರಗಳ ಮಡಿಕೆ ಹರಿಯುತ್ತಿದೆ, ಗಾಯಕ್ಕೆ ಹಾಕುವ ಪಟ್ಟಿ ಅಂಟಿಸಿದ್ದೇನೆ. ಹಡಗು ಬರುವ ಮೊದಲೇ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ, ಎದುರಿಗೆ ನಿಂತರೆ ನನಗೆ ಬಾಯಿ ಬರುವುದಿಲ್ಲ.

ಪಾಚಿಯ ಮದ್ದು ಐದೂ ನನಗೆ ಮೊದಲ ದಿನವೇ ಗೊತ್ತಿತ್ತು. ಒಂದೇ ಪತ್ರದಲ್ಲಿ ಬರೆದರೆ ನೀನು ಒಂದೇ ಪತ್ರದಲ್ಲಿ ಮುಗಿಸುತ್ತಿದ್ದೆ. ಅದಕ್ಕೇ ಒಂದೊಂದಾಗಿ ಕೊಟ್ಟೆ. "ಏನು ಮಾಡಬೇಕು ತಿಳಿಸಿ, ಅಷ್ಟು ಸಾಕು" ಎಂದಿದ್ದೆಯಲ್ಲ, ಅಷ್ಟಕ್ಕೇ ಸಾಕಾಗದಿರಲಿ ಎಂದು.

ಗಾಜಿನ ಮುಂದೆ ಕೂರುವ ಮಾತು. ನೀನು ಕೇಳಿದ ದಿನ ಉತ್ತರ ಇತ್ತು, ನಾಲಿಗೆಯ ತನಕ ಬಂದು ನಿಂತಿತು. ಆರಕ್ಕೆ ತೊಟ್ಟಿಯ ದೀಪ ಆರಿದ ಮೇಲೂ ನಾನು ಅಲ್ಲೇ ಕೂತಿರುತ್ತಿದ್ದೆನಲ್ಲ, ಕತ್ತಲ ನೀರಿನಲ್ಲಿ ನೋಡಲು ಏನಿದೆ ಎಂದು ಯಾವತ್ತಾದರೂ ಯೋಚಿಸಿದ್ದೀಯಾ? ದೀಪ ಆರಿದರೆ ಗಾಜು ಕನ್ನಡಿಯಾಗುತ್ತದೆ. ನನ್ನ ಹಿಂದೆ ಮೇಜಿನ ದೀಪದ ಕೆಳಗೆ ನೀನು ಹಲ್ಲು ಜೋಡಿಸುತ್ತಾ ಕೂತಿರುತ್ತಿದ್ದೆ, ತುಟಿ ಕಚ್ಚಿಕೊಂಡು. ನೇರವಾಗಿ ನೋಡಿದರೆ "ಏನು?" ಎಂದು ಕೇಳುತ್ತಿದ್ದೆ. ಗಾಜಿನಲ್ಲಾದರೆ ಯಾರೂ ಕೇಳುವುದಿಲ್ಲ. ಹಾಗೆ ಏಳು ವರ್ಷ ನೋಡಿದೆ.

ಹೇಳಬೇಕಾದದ್ದು ಇನ್ನೂ ಒಂದಿದೆ. ಇವತ್ತು ಧೈರ್ಯವಿಲ್ಲ.

ನಿನ್ನವನು


ಆಗಸ್ಟ್ 1

ಹಡಗು ಬಂದಿದೆ. ನಿನ್ನ ಎರಡೂ ಪತ್ರವನ್ನು ಹಡಗುಕಟ್ಟೆಯ ಮೇಲೆ ನಿಂತೇ ಓದಿದೆ. ಹೊರಡಲು ಇನ್ನೂ ಎರಡು ತಾಸಿದೆ, ಜುಲೈ ಪತ್ರದ ಜೊತೆ ಇದನ್ನೂ ಹಾಕುತ್ತೇನೆ.

ಸಹಿ ಹಾಕಿ ಆಗಿದೆ.

ಮೇ ಹದಿನಾರಕ್ಕೆ "ನಿಮ್ಮ ಇಷ್ಟ" ಎಂಬುದನ್ನು ಓದಿದೆ. ಇವಳಿಗೆ ನಾನು ಬೇಕಿಲ್ಲ ಎಂದುಕೊಂಡೆ. ಹತ್ತು ನಿಮಿಷದೊಳಗೆ ಸಹಿ ಹಾಕಿ ಅದೇ ಹಡಗಿನಲ್ಲಿ ಕಳಿಸಿದೆ. ನಿನಗೆ ಬರೆದ ಪತ್ರವೂ ಅದೂ ಒಂದೇ ಚೀಲದಲ್ಲಿ ಹೋದವು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ? ಈಗ ತಾನೇ ಸಾಹೇಬರ ಕೋಣೆಗೆ ಹೋಗಿ ಬೇಡಿಕೊಂಡೆ. "ಬದಲಿಗೆ ಜನ ಇಲ್ಲ ಕಣ್ರೀ, ಕಾಗದ ಮೇಲಿನವರ ಹತ್ತಿರ ಹೋಗಿದೆ, ನನ್ನ ಕೈಯಲ್ಲಿಲ್ಲ" ಎಂದರು. ಡಿಸೆಂಬರ್ ಆದ ಮೇಲೆ ಇನ್ನೆರಡು ವರ್ಷ. ವರ್ಷಕ್ಕೆ ಹದಿನೈದು ದಿನ ರಜೆ.

ಸತ್ತ ತಲೆಗಳಿಗಾಗಿ ಅಳಬೇಡ. ಅದರಲ್ಲಿ ಅರ್ಧ ಪಾಪ ನನ್ನದು, ನಾನು ಪಾಚಿಯ ನೆವವಿಲ್ಲದೆ ಬರೆದಿದ್ದರೆ ಪತ್ರಕ್ಕಾಗಿ ನೀನು ಪಾಚಿ ಬೆಳೆಸಬೇಕಾಗಿರಲಿಲ್ಲ. ಬೈದು ಬರೆ. ಎಷ್ಟು ಬೇಕಾದರೂ ಬೈ. ಬರೆಯುವುದು ಮಾತ್ರ ನಿಲ್ಲಿಸಬೇಡ.

ನಿನ್ನವನು


ಆಗಸ್ಟ್ 26
ಮನೆ

ರೀ,

ಹದಿನಾರರ ಹಡಗಿಗೆ ನಾನು ಬರೆಯಲಿಲ್ಲ. ಕಾದಿರುತ್ತೀರಿ, ಗೊತ್ತು. ಸಿಟ್ಟಿನಲ್ಲಿ ಪೆನ್ನು ಹಿಡಿದರೆ ಏನಾಗುತ್ತದೆ ಎಂದು ಇಬ್ಬರೂ ನೋಡಿಯಾಗಿದೆ.

ಮೊದಲ ಮೂರು ದಿನ ನಿಮ್ಮ ಹೆಸರೆತ್ತಿದವರ ಮೇಲೆಲ್ಲ ಹರಿಹಾಯ್ದೆ. ಡಾಕ್ಟರು ಎರಡು ಸಲ ಬೈಸಿಕೊಂಡರು. ನಾಲ್ಕನೇ ದಿನ ಏಳಕ್ಕೆ ಮನೆಗೆ ಬಂದು, ನಿಮ್ಮ ಸ್ಟೂಲಿನ ಮೇಲೆ ತೊಟ್ಟಿಯ ಮುಂದೆ ಕೂತೆ. ಟೈಮರ್ ಪ್ರಕಾರ ತೊಟ್ಟಿಯ ದೀಪ ಆರಿತ್ತು, ಮೇಜಿನ ದೀಪ ಹಚ್ಚಿದ್ದೆ. ನೀವು ಹೇಳಿದ್ದು ನಿಜ, ಗಾಜು ಕನ್ನಡಿಯಾಗುತ್ತದೆ. ಹಿಂದಿನ ಮೇಜು, ದೀಪ, ನನ್ನ ಖಾಲಿ ಕುರ್ಚಿ ಎಲ್ಲ ಅದರಲ್ಲಿ ಕಾಣುತ್ತಿತ್ತು. ಏಳು ವರ್ಷ ನನ್ನ ಬೆನ್ನ ಹಿಂದೆ ಇಷ್ಟೊಂದು ಪ್ರೀತಿ ನಡೆದಿದೆ, ನನಗೆ ಸುದ್ದಿಯೇ ಇಲ್ಲ! ನೇರ ನೋಡಿದ್ದರೆ "ಏನು?" ಎಂದು ಕೇಳುತ್ತಿದ್ದೆ, ನಿಜ. ಇನ್ನು ಮೇಲೆ ಕೇಳುವುದಿಲ್ಲ. ಕೇಳಿದರೂ ನೀವು ಕಣ್ಣು ತೆಗೆಯಬಾರದು.

ಐದನೇ ದಿನ ರಜೆ ಹಾಕಿ ನಿಮ್ಮ ಮುಖ್ಯ ಕಚೇರಿಗೆ ಹೋದೆ. ಒಂದು ಕಿಟಕಿಯಿಂದ ಇನ್ನೊಂದಕ್ಕೆ ಅಟ್ಟಿದರು. ಮೂರನೇ ಕಿಟಕಿಯಲ್ಲಿ ವಯಸ್ಸಾದ ಗುಮಾಸ್ತೆ ಒಬ್ಬರು, ಕನ್ನಡಕದ ಮೇಲಿಂದ ನೋಡುವವರು.

"ಸಹಿ ವಾಪಸ್ ತಗೊಳ್ಳೋಕಾಗಲ್ಲಮ್ಮ" ಅಂದರು.

"ವಾಪಸ್ ಬೇಡ. ಅಲ್ಲಿ ಕೆಲಸ ಮಾಡೋರ ಹೆಂಡತಿ ಅಲ್ಲಿಗೆ ಹೋಗಿ ಇರಬಾರದು ಅಂತ ಎಲ್ಲಾದ್ರೂ ಬರೆದಿದೆಯಾ?" ಅಂದೆ.

ಅವರು ಕಪಾಟಿನಿಂದ ದಪ್ಪ ಪುಸ್ತಕ ತೆಗೆದರು, ಧೂಳು ಊದಿದರು, ಬೆರಳಿಗೆ ಎಂಜಲು ಹಚ್ಚಿ ಹಚ್ಚಿ ಹಾಳೆ ತಿರುವಿದರು. ಕೊನೆಗೆ, "ಇರಬಾರದು ಅಂತಿಲ್ಲ. ಎರಡು ವರ್ಷ ಮುಂದುವರೀತೀನಿ ಅಂತ ಸಹಿ ಹಾಕಿದವರಿಗೆ ಒಂದು ಕೋಣೆ, ಅಡುಗೆಮನೆ ಕೊಡಬೇಕು ಅಂತಿದೆ" ಅಂದರು.

"ಮತ್ತೆ ಯಾರೂ ಹೇಳಲೇ ಇಲ್ವಲ್ಲ?"

"ಯಾರೂ ಕೇಳಲೇ ಇಲ್ವಲ್ಲಮ್ಮ."

ನಾನು ಅಲ್ಲೇ ನಿಂತು ನಕ್ಕೆ, ಆಮೇಲೆ ಅತ್ತೆ. ನಮ್ಮ ಮನೆಯ ಕಥೆಯನ್ನೇ ಅವರು ಒಂದು ಸಾಲಿನಲ್ಲಿ ಹೇಳಿಬಿಟ್ಟಿದ್ದರು. ಅವರು ಒಂದು ಲೋಟ ನೀರು ಕೊಟ್ಟು ಅರ್ಜಿಯನ್ನು ತಾವೇ ತುಂಬಿದರು. ನಿನ್ನೆ ಒಪ್ಪಿಗೆ ಬಂತು.

ಡಾಕ್ಟರಿಗೆ ಹೇಳಿದಾಗ ಅವರ ಮುಖ ನೋಡಬೇಕಿತ್ತು. "ನನ್ನ ರೋಗಿಗಳ ಹಲ್ಲು ಯಾರಮ್ಮ ಮಾಡೋದು?" ಅಂದರು. ಬಾಯಿಯ ಅಚ್ಚು ತೆಗೆದು ಹಡಗಿಗೆ ಹಾಕಿ, ಸೆಟ್ಟು ಮುಂದಿನ ಹಡಗಿಗೆ ಬರುತ್ತೆ ಅಂದೆ. "ಹದಿನೈದು ದಿನ ಅವ್ರು ಏನು ತಿನ್ನಬೇಕು?" ಅಂದರು. "ಮೆತ್ತಗಿರೋದು ತಿನ್ಲಿ ಸಾರ್. ನಾವು ಹದಿನೈದು ಹದಿನೈದು ದಿನ ಕಾದು ಬದುಕಿಲ್ವಾ?" ಅಂದೆ. ಗೊಣಗಿದರು, ಆದರೆ ಮೇಣದ ಡಬ್ಬಿ, ಚೂರಿ, ಬ್ರಷ್ಷು ಎಲ್ಲ ತಾವೇ ಕಟ್ಟಿಸಿಕೊಟ್ಟರು.

ತೊಟ್ಟಿಯನ್ನು ಮೀನಿನಂಗಡಿಯ ಯಜಮಾನರಿಗೆ ಒಪ್ಪಿಸಿದೆ. ಇವತ್ತು ಬೆಳಗ್ಗೆ ಬಕೆಟ್ಟುಗಳ ಸಮೇತ ಬಂದಿದ್ದರು. ನಿಮ್ಮನ್ನು ಕೇಳದೆ ಕೊಟ್ಟೆ, ಹೌದು. ಹೆಸರು ಕೊಡುವಾಗ ನೀವೂ ಕೇಳಿರಲಿಲ್ಲ, ಇಲ್ಲಿಗೆ ಅದು ಚುಕ್ತಾ. ಹವಳವನ್ನು ಬಕೆಟ್ಟಿಗೆ ಇಳಿಸುವ ಮೊದಲು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಒಂದೆಳೆ ಪಾಚಿ ಇಲ್ಲ. ನಾಲ್ಕರಲ್ಲಿ ಒಂದು ತಲೆ ನಡುವೆ ಸೀಳಿ ಎರಡಾಗುತ್ತಿದೆ ಎಂದರು ಯಜಮಾನರು. "ಚೆನ್ನಾಗಿ ನೋಡ್ಕೋತೀನಿ, ನೀವು ಹೋಗಿ ಬನ್ನಿ" ಅಂದರು. ಅವರು ಹೋದ ಮೇಲೆ ಕೋಣೆ ಬಣಬಣ ಎಂದಿತು. ಇಷ್ಟು ದಿನ ಆ ಪಂಪಿನ ಸದ್ದಿನ ಜೊತೆ ಬದುಕುತ್ತಿದ್ದೆ ಎಂದು ಅದು ನಿಂತಾಗಲೇ ತಿಳಿದದ್ದು.

ಈ ಪತ್ರ ನಿಮ್ಮ ಕೈಗೆ ಸೇರುವುದು ಸೆಪ್ಟೆಂಬರ್ ಒಂದಕ್ಕೆ. ಆ ಹಡಗಿನಲ್ಲಿ ನನಗೆ ಜಾಗ ಸಿಗಲಿಲ್ಲ. ಕೋಣೆಯನ್ನು ಗುಡಿಸಿ ಇಡಿ, ಕಿಟಕಿಯ ಹತ್ತಿರ ನನಗೆ ಒಂದು ಮೇಜು ಬೇಕು. ನಿಮ್ಮ ಕುರ್ಚಿಯನ್ನು ಅದರ ಎದುರಿಗೆ ಹಾಕಿಕೊಳ್ಳಿ.

ಹದಿನಾರರ ಹಡಗಿನಲ್ಲಿ ನಿಮಗೆ ಪತ್ರ ಇರುವುದಿಲ್ಲ. ಟಪಾಲಿನ ಚೀಲ ನೋಡಿ, ಇಲ್ಲವೆಂದು ಕೆಲಸಕ್ಕೆ ತಿರುಗಿಬಿಡಬೇಡಿ. ಎಲ್ಲರೂ ಇಳಿಯುವ ತನಕ ಅಲ್ಲೇ ನಿಂತಿರಿ.

ನಿಮ್ಮವಳು